ಗಂಜಿ ಸತ್ತ ಪೇಪರ್: ಅರ್ಧ ಬೆಲೆಯ ಜಲವರ್ಣ ಶೀಟು ಕೊಳ್ಳುವ ಮುಂಚೆ ನೋಡಿ

ಮೈಸೂರಿನ ಅಂಗಡಿಯೊಂದರಲ್ಲಿ ಹಳೇ ಸ್ಟಾಕ್ ಎಂದು ಅರ್ಧ ಬೆಲೆಗೆ ಹತ್ತು ಫುಲ್ ಶೀಟ್ ಸಿಕ್ಕಿತು. 300 ಜಿಎಸ್ಎಂ (ಚದರ ಮೀಟರಿಗೆ 300 ಗ್ರಾಂ ತೂಕ), ಕೋಲ್ಡ್ ಪ್ರೆಸ್ (ಸ್ವಲ್ಪ ತರಿತರಿ ಮೇಲ್ಮೈ), 100% ಕಾಟನ್ ಎಂದು ಲೇಬಲ್ಲು. ಅದನ್ನು ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆ ಬಳಿಗೆ ಒಯ್ದ ನಮ್ಮ ತಂಡಕ್ಕೆ ಒಂದು ಚಿತ್ರವೂ ದಕ್ಕಲಿಲ್ಲ. ವಾಪಸ್ ಕೇಳಿದರೆ ಕಟ್ಟು ಬಿಚ್ಚಿದ ಮೇಲೆ ತೆಗೆದುಕೊಳ್ಳುವುದಿಲ್ಲ ಎಂದರು. ಮಳೆಗಾಲ ಕಳೆದ ಮೇಲೆ ಇಂಥ ಕಟ್ಟುಗಳು ರಿಯಾಯಿತಿಗೆ ಬರುತ್ತವೆ, ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇವೆ.

ಆದದ್ದು ಇಷ್ಟು. ಆಕಾಶಕ್ಕೆ ತೆಳು ನೀಲಿ ವಾಶ್ (ನೀರಾಗಿಸಿದ ಬಣ್ಣದ ಪದರ) ಎಳೆದ ಐದಾರು ಸೆಕೆಂಡಿನಲ್ಲೇ ಎಳ್ಳಿನ ಕಾಳಿನಷ್ಟು ದಪ್ಪದ ಕಡು ಚುಕ್ಕಿಗಳು ಎದ್ದವು. ಬ್ರಷ್‌ನಿಂದ ಹರಡಿದರೂ ಹೋಗಲಿಲ್ಲ, ಟಿಶ್ಯೂ ಒತ್ತಿದರೂ ಏಳಲಿಲ್ಲ. ಬಣ್ಣ ಪೇಪರಿನ ಮೇಲೆ ನಿಲ್ಲದೆ ಒಳಗೆ ಇಳಿದುಬಿಟ್ಟಿತ್ತು. ಶೀಟು ತಿರುಗಿಸಿ ನೋಡಿದರೆ ಹಿಂಬದಿಗೂ ಅದೇ ನೀಲಿ ಹನಿಹನಿಯಾಗಿ ಬಂದಿತ್ತು. ಹೊಳೆಯ ಮೇಲಿನ ಬೆಳಕಿಗಾಗಿ ಹಚ್ಚಿದ್ದ ಮಾಸ್ಕಿಂಗ್ ಫ್ಲೂಯಿಡ್ (ಬಿಳಿ ಉಳಿಸಲು ಹಚ್ಚುವ ರಬ್ಬರಿನಂಥ ದ್ರವ) ಕೀಳುವಾಗ ಪೇಪರಿನ ಸಿಪ್ಪೆಯೇ ಕಿತ್ತು ಬಂತು.

1804ರ ಆ ಸೇತುವೆಯ ಕಲ್ಲುಕಂಬಗಳಿಗೆ ಅಲ್ಟ್ರಾಮರೀನ್ ನೀಲಿ ಮತ್ತು ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬೆರೆಸಿದ ಬೂದು ಬಣ್ಣ ಹೇಳಿ ಮಾಡಿಸಿದಂತಿರುತ್ತದೆ. ಒಳ್ಳೆ ಪೇಪರಿನಲ್ಲಿ ಅಲ್ಟ್ರಾಮರೀನ್ ಕಣಗಳು ಮೇಲ್ಮೈಯ ಗುಣಿಗಳಲ್ಲಿ ಕೂತು ಕಲ್ಲಿನ ತರಿತರಿ ತಾನಾಗೇ ಮೂಡುತ್ತದೆ. ಇಲ್ಲಿ ನೀರಿನ ಜೊತೆ ಕಣವೂ ಕೆಳಗಿಳಿದು ಕೆಸರು ಬಳಿದ ಹಾಗೆ ಮಂಕಾಯಿತು. ನಾಡಹೆಂಚಿನ ಮಾಡು, ಸುಣ್ಣದ ಗೋಡೆ ಬರೆಯುವವರಿಗೆ ಏಟು ಇನ್ನೂ ಜೋರು. ಹೆಂಚಿನ ಸಾಲಿಗೆ ಒಣ ಬ್ರಷ್ ಸವರಿದರೆ ನಡುನಡುವೆ ಬಿಳಿ ಉಳಿಯಬೇಕು. ಅದು ಉಳಿಯದೆ ಅಂಚೆಲ್ಲ ಒಡೆದು ಹರಡುತ್ತದೆ. ಗೋಡೆಯ ಪಾಚಿ ಕರೆಗೆ ಎರಡನೇ ಪದರ ಹಾಕಿದರೆ ಎರಡೂ ಕಲೆತು ಕೊಳಕಾಗುತ್ತದೆ.

ಕಾರಣ ಸೈಜಿಂಗ್. ಬಟ್ಟೆಗೆ ಗಂಜಿ ಹಾಕಿದ ಹಾಗೆ ಜಲವರ್ಣ ಪೇಪರಿಗೆ ಜೆಲಟಿನ್ ಅಥವಾ ಬೇರೆ ಸೈಜಿಂಗ್ ಪದಾರ್ಥ ಕೊಟ್ಟಿರುತ್ತಾರೆ. ಅದಿರುವವರೆಗೆ ಬಣ್ಣ ಸ್ವಲ್ಪ ಹೊತ್ತು ಮೇಲೆ ನಿಲ್ಲುತ್ತದೆ. ಥಂಡಿ ಗೋಡೆಗೆ ತಾಗಿಸಿ, ಅಟ್ಟದ ಮೇಲೆ, ಗಾಳಿಯಾಡದ ಪ್ಲಾಸ್ಟಿಕ್ಕಿನಲ್ಲಿ ವರ್ಷಗಟ್ಟಲೆ ಇಟ್ಟರೆ ತೇವ ಒಳಗೇ ಕೂತು ಬೂಷ್ಟು ಹಿಡಿಯುತ್ತದೆ, ಬೂಷ್ಟು ಜೆಲಟಿನ್ ತಿನ್ನುತ್ತದೆ. ತಿಂದ ಜಾಗವೇ ಆ ಚುಕ್ಕಿ. ಒಣಗಿರುವಾಗ ಶೀಟು ಹಾಲಿನಂತೆ ಬೆಳ್ಳಗೇ ಇರುತ್ತದೆ, ಒದ್ದೆಯಾಗುವವರೆಗೂ ಗೊತ್ತಾಗುವುದಿಲ್ಲ.

ಅಂಗಡಿಯವರನ್ನು ಬೈಯುವ ಮುಂಚೆ ನಮ್ಮ ಕೈತಪ್ಪು ಅಲ್ಲವೇ ಎಂದು ನೋಡಿಕೊಳ್ಳಬೇಕು, ಇದು ನ್ಯಾಯ. ಗಟ್ಟಿ ರಬ್ಬರಿನಿಂದ ಉಜ್ಜಿದರೂ ಸೈಜಿಂಗ್ ಹಾಳಾಗುತ್ತದೆ, ಆದರೆ ಆಗ ಕಲೆ ರಬ್ಬರ್ ಓಡಿದ ದಾರಿಯಲ್ಲಿ ಗೆರೆಯಾಗಿ ಬರುತ್ತದೆ. ಸ್ಟ್ರೆಚ್ ಮಾಡಲು (ಒದ್ದೆ ಮಾಡಿ ಹಲಗೆಗೆ ಬಿಗಿದು ಒಣಗಿಸಲು) ಬಿಸಿನೀರಿನಲ್ಲಿ ಅಥವಾ ತುಂಬಾ ಹೊತ್ತು ನೆನೆಸಿದರೆ ಶೀಟಿಡೀ ಒಂದೇ ಸಮ ಹೀರುತ್ತದೆ. ಕೈಯ ಕೊಬ್ಬರಿ ಎಣ್ಣೆ ತಾಗಿದ ಕಡೆ ಉಲ್ಟಾ, ಬಣ್ಣ ಹಿಡಿಯುವುದೇ ಇಲ್ಲ. ಚದುರಿದ ಕಡು ಚುಕ್ಕಿಗಳಾದರೆ ಮಾತ್ರ ದಾಸ್ತಾನಿನಲ್ಲೇ ಕೆಟ್ಟಿದೆ ಎಂದು ತಿಳಿಯಿರಿ.

ಕೊಳ್ಳುವಾಗ ಕಟ್ಟು ಬಿಚ್ಚಿಸಿ. ಮೊದಲು ಮೂಸಿ ನೋಡಿ, ಮುಗ್ಗಲು ವಾಸನೆ ಬಂದರೆ ಅಲ್ಲೇ ಬಿಟ್ಟುಬಿಡಿ. ಆಮೇಲೆ ದುಡ್ಡು ಕೊಟ್ಟು ಒಂದೇ ಶೀಟು ತೆಗೆದುಕೊಂಡು ಒಂದು ಅಂಚು, ಎದುರಿನ ಅಂಚು, ನಡುವೆ, ಮೂರು ಕಡೆ ಒಂದೊಂದು ಹನಿ ನೀರು ಹಾಕಿ. ಸರಿಯಾದ ಪೇಪರಿನಲ್ಲಿ ಹನಿ ಗುಂಡಗೆ ಕೆಲವು ನಿಮಿಷ ನಿಲ್ಲುತ್ತದೆ. ಸತ್ತ ಪೇಪರಿನಲ್ಲಿ ತಕ್ಷಣ ಚಪ್ಪಟೆಯಾಗಿ ಕಪ್ಪಗೆ ಇಂಗುತ್ತದೆ. ಒಂದೇ ಮೂಲೆ ನೋಡಿದರೆ ಸಾಲದು, ಕೆಡುವುದು ಅಲ್ಲಲ್ಲಿ. ಮೂರೂ ಹನಿ ನಿಂತರೆ, ಮನೆಗೆ ಬಂದು ಅಗಲ ಬ್ರಷ್‌ನಿಂದ ತೆಳು ನೀಲಿ ವಾಶ್ ಪೂರ್ತಿ ಶೀಟಿಗೆ ಎಳೆದು ನೋಡಿ, ಆಮೇಲೆ ಉಳಿದದ್ದು ತನ್ನಿ.

ತೂಕವನ್ನೂ ನೋಡಬಹುದು. 56×76 ಸೆಂ.ಮೀ.ನ 300 ಜಿಎಸ್ಎಂ ಶೀಟು ಸುಮಾರು 128 ಗ್ರಾಂ ತೂಗಬೇಕು. 85 ಗ್ರಾಂ ಬಂದರೆ ನಿಮಗೆ ಕೊಟ್ಟದ್ದು 200 ಜಿಎಸ್ಎಂ. ಆದರೆ ತೂಕ ಸರಿಯಿದ್ದ ಮಾತ್ರಕ್ಕೆ ನಿಶ್ಚಿಂತೆ ಬೇಡ. ನಮ್ಮ ಶೀಟುಗಳ ತೂಕ ಕರಾರುವಾಕ್ಕಾಗಿತ್ತು, ಸತ್ತಿದ್ದು ಗಂಜಿ.

ಈಗಾಗಲೇ ಕೊಂಡುಬಿಟ್ಟಿದ್ದರೆ ಮತ್ತೆ ಗಂಜಿ ಕೊಡಬಹುದು. ಸಕ್ಕರೆ, ಫ್ಲೇವರ್ ಇಲ್ಲದ ಜೆಲಟಿನ್ ಪುಡಿ 10 ಗ್ರಾಂ, ನೀರು ಅರ್ಧ ಲೀಟರ್. ತಣ್ಣೀರಿನಲ್ಲಿ ಕಾಲು ಗಂಟೆ ನೆನೆಸಿ, ಪುಡಿ ಉಬ್ಬಿದ ಮೇಲೆ ಪಾತ್ರೆಯನ್ನು ಬಿಸಿನೀರಿನಲ್ಲಿಟ್ಟು ಕರಗಿಸಿ. ಕುದಿಸಬೇಡಿ, ಕುದಿದರೆ ಅಂಟಿನ ಶಕ್ತಿ ಕುಗ್ಗುತ್ತದೆ. ಬೆಚ್ಚಗಿರುವಾಗಲೇ ಅಗಲ ಬ್ರಷ್‌ನಿಂದ ಒಂದು ಬದಿಗೆ ಬಳಿದು ಕ್ಲಿಪ್ ಹಾಕಿ ನೇತುಹಾಕಿ, ಪೂರಾ ಒಣಗಿದ ಮೇಲೆ ಇನ್ನೊಂದು ಬದಿ. ಬಿಸಿಲಿರುವ ದಿನವೇ ಮಾಡಿ, ಮೋಡದಲ್ಲಿ ಮಾಡಿದರೆ ಹೊಸ ಜೆಲಟಿನ್‌ಗೂ ಬೂಷ್ಟು ಬರುತ್ತದೆ. ದ್ರಾವಣ ಗಟ್ಟಿಯಾದರೆ ಮೇಲ್ಮೈ ಹೊಳೆಯುತ್ತದೆ, ಬಣ್ಣ ಜಾರುತ್ತದೆ. ಜೆಲಟಿನ್ ಪ್ರಾಣಿಗಳ ಮೂಳೆ, ತೊಗಲಿನಿಂದ ಬರುವಂಥದ್ದು. ಬೇಡವೆನ್ನುವವರು ವಾಟರ್‌ಕಲರ್ ಗ್ರೌಂಡ್ (ಜಲವರ್ಣ ಹಿಡಿಯುವ ತಳಲೇಪ) ಬಳಿಯಬಹುದು, ಖರ್ಚು ಹೆಚ್ಚು.

ಏನೇ ಮಾಡಿದರೂ ಆ ಶೀಟುಗಳನ್ನು ಮೇಲುಕೋಟೆಯ ಕಲ್ಯಾಣಿಗೋ ಆಲೆಮನೆಯ ಹೊಗೆ ಹಿಡಿಯುವುದಕ್ಕೋ ಒಯ್ಯಬೇಡಿ. ಹೊಗೆಗೆ ಒದ್ದೆ ಮೇಲೆ ಒದ್ದೆ ಬಣ್ಣ ಬಿಡಬೇಕು, ಸೈಜಿಂಗ್ ಅರೆಬರೆಯಾದರೆ ಮೊದಲು ಕೈಕೊಡುವುದೇ ಅಲ್ಲಿ. ಪೆನ್ಸಿಲ್, ಇದ್ದಿಲು, ಪೇಸ್ಟಲ್‌ಗೆ ಇಟ್ಟುಕೊಳ್ಳಿ. ಇವಕ್ಕೆ ಗಂಜಿಯ ಹಂಗಿಲ್ಲ. ಇಂಕು ಪೆನ್ ಮಾತ್ರ ಬೇಡ, ಗೆರೆ ಒಡೆಯುತ್ತದೆ. ಒಳ್ಳೆ ಶೀಟುಗಳ ಜೊತೆ ಬೆರೆಯದಂತೆ ಕೆಟ್ಟ ಪ್ರತಿಯೊಂದರ ಬಲಮೂಲೆಯನ್ನು ಒಂದು ಬೆರಳಗಲ ಓರೆಯಾಗಿ ಕತ್ತರಿಸಿಡಿ.