ದೊಡ್ಡ ಲೆನ್ಸ್‌ಗೆ ಪೀಕ್ ಡಿಸೈನ್ ಸ್ಲೈಡ್ ಸ್ಟ್ರಾಪ್ ಹೇಗಿದೆ, ಅದನ್ನ ಎಲ್ಲಿ ಕಟ್ಬೇಕು

ಹಕ್ಕಿ ಫೋಟೋ ತೆಗೆಯೋರು ಸೇರಿದ್ರೆ ಲೆನ್ಸ್ ಬಗ್ಗೆ ಗಂಟೆಗಟ್ಲೆ ಮಾತು, ಆದ್ರೆ ಅದನ್ನ ಹೊತ್ಕೊಂಡು ತಿರುಗೋ ಸ್ಟ್ರಾಪ್ ಬಗ್ಗೆ ಯಾರೂ ಬಾಯಿ ಬಿಡಲ್ಲ. ಲಕ್ಷ ರೂಪಾಯಿ ಸಾಮಾನು ಡಬ್ಬದಲ್ಲಿ ಬಂದ ಸಣ್ಣ ಪಟ್ಟಿಗೆ ನೇತು ಹಾಕ್ಕೊಂಡು ಕಲ್ಲು ಬಂಡೆ ಇಳೀತಾ ಇರೋರನ್ನ ನೋಡಿದಾಗ್ಲೆಲ್ಲ ಹೋಗಿ ಹೇಳ್ಬೇಕು ಅನ್ಸತ್ತೆ, ಅದಕ್ಕೇ ಇದನ್ನ ಸ್ವಲ್ಪ ವಿವರವಾಗಿ ಬರೀತಿದೀನಿ.

ನಾನು ಬಳಸೋದು ನಿಕಾನ್ ಡಿ500 ಕ್ಯಾಮೆರಾ ಬಾಡಿ, ಅದಕ್ಕೆ ನಿಕಾನ್‌ದೇ 200-500 ಎಫ್5.6 ಲೆನ್ಸ್. ಲೆನ್ಸ್ ಟ್ರೈಪಾಡ್ ಕಾಲರ್ (ಲೆನ್ಸ್ ಸುತ್ತ ಕೂರೋ ಬಳೆ, ಟ್ರೈಪಾಡ್‌ಗೆ ಸಿಕ್ಕಿಸೋಕೆ ಅದರ ಕೆಳಗೆ ಒಂದು ಪಾದ ಇರತ್ತೆ) ಸೇರಿ 2300 ಗ್ರಾಂ, ಬಾಡಿ ಬ್ಯಾಟರಿ ಕಾರ್ಡ್ ಎಲ್ಲ ಸೇರಿ 860 ಗ್ರಾಂ, ಒಟ್ಟು 3 ಕೆಜಿ ದಾಟತ್ತೆ. ಸಿಗ್ಮಾ 150-600 ಕಂಟೆಂಪರರಿ ಇಟ್ಕೊಂಡಿರೋರಿಗೆ ಲೆನ್ಸ್ ಒಂದೇ 1930 ಗ್ರಾಂ, ಅದರ ಸ್ಪೋರ್ಟ್ಸ್ ಮಾಡೆಲ್ ಆದ್ರೆ 2860, ಟ್ಯಾಮ್ರಾನ್ 150-600 ಜಿ2 ಸುಮಾರು 2000 ಗ್ರಾಂ. ಅಂದ್ರೆ ನಮ್ಮಲ್ಲಿ ಜನ ಜಾಸ್ತಿ ತಗೊಳ್ಳೋ ದೊಡ್ಡ ಜೂಮ್‌ಗಳೆಲ್ಲ ಹೆಚ್ಚುಕಮ್ಮಿ ಇದೇ ತೂಕದ್ದು, ಹಾಗಾಗಿ ಇಲ್ಲಿ ಹೇಳೋದು ನಿಮ್ಮ ಸೆಟಪ್‌ಗೂ ಹೊಂದತ್ತೆ.

ಪೀಕ್ ಡಿಸೈನ್‌ದು ಸ್ಲೈಡ್ ಅಂತ ಒಂದಿದೆ, ಸ್ಲೈಡ್ ಲೈಟ್ ಅಂತ ಇನ್ನೊಂದಿದೆ. ಸ್ಲೈಡ್ 45 ಮಿಮೀ ಅಗಲ, ಲೈಟ್ 32 ಮಿಮೀ. ಈ ತೂಕಕ್ಕೆ ಅಗಲದ್ದೇ ಬೇಕು, ಅದರಲ್ಲಿ ಎರಡನೇ ಮಾತಿಲ್ಲ. ಬಟ್ಟೆ ಕಾರ್ ಸೀಟ್‌ಬೆಲ್ಟ್ ಥರದ ನೈಲಾನ್, ಒಂದು ಮುಖ ನುಣ್ಣಗಿದೆ, ಇನ್ನೊಂದು ಮುಖದಲ್ಲಿ ಜಾರದಂಗೆ ಸಿಲಿಕೋನ್ ಗೆರೆ ಇದೆ. ಅಡ್ಡ ಹಾಕ್ಕೊಂಡು ನಡೆಯೋವಾಗ ನುಣ್ಣನೆ ಮುಖ ಒಳಗಡೆ ಬರೋ ಥರ ಹಾಕ್ಕೊಳ್ಳಿ, ಹಕ್ಕಿ ಕಂಡ ತಕ್ಷಣ ಕ್ಯಾಮೆರಾ ಎತ್ತಿದ್ರೆ ಸ್ಟ್ರಾಪ್ ಶರ್ಟ್ ಮೇಲೆ ಸರಾಗವಾಗಿ ಜಾರಿ ಬರತ್ತೆ, ಶರ್ಟಿನ ಕಾಲರ್‌ನ ಎಳ್ಕೊಂಡು ಬರಲ್ಲ. ಒಂದೇ ಹೆಗಲಿಗೆ ಸುಮ್ನೆ ನೇತು ಹಾಕೋವಾಗ ತಿರುಗಿಸಿ ಗ್ರಿಪ್ ಇರೋ ಮುಖ ಒಳಗೆ ಮಾಡ್ಕೋಬಹುದು. ಉದ್ದ ಜಾಸ್ತಿ ಕಮ್ಮಿ ಮಾಡೋಕೆ ಅಲ್ಯೂಮಿನಿಯಂ ಹಿಡಿ ಇದೆ, ಬೆರಳು ಹಾಕಿ ಎಳೆದ್ರೆ ಆಯ್ತು, ಗ್ಲೌಸ್ ಹಾಕಿದ್ರೂ ಆಗತ್ತೆ. ಜೀಪ್ ಹತ್ತೋವಾಗ ಗಿಡ್ಡ, ನಡೆಯೋವಾಗ ಉದ್ದ, ದಿನಾ ಬಳಸೋವಾಗ ಈ ಒಂದು ಸಂಗತಿಯೇ ಎಷ್ಟು ಅನುಕೂಲ ಅಂದ್ರೆ ಬಕಲ್ ಪಟ್ಟಿಗೆ ವಾಪಸ್ ಹೋಗೋ ಮನಸ್ಸೇ ಬರಲ್ಲ.

ಇನ್ನು ಆಂಕರ್. ಇದೇ ಈ ಸ್ಟ್ರಾಪಿನ ಜೀವ. ಗುಂಡಗೆ ಬಟನ್ ಥರ ಒಂದು ಬಿಲ್ಲೆ, ಅದಕ್ಕೆ ಸಣ್ಣ ದಾರದ ಕುಣಿಕೆ. ಕುಣಿಕೆ ಕ್ಯಾಮೆರಾ ಕಡೆ ಹಾಕ್ಕೊಂಡು ಬಿಲ್ಲೆನ ಸ್ಟ್ರಾಪ್ ತುದಿಯ ಗೂಡಿಗೆ ಒತ್ತಿ ತಳ್ಳಿದ್ರೆ ಟಕ್ ಅಂತ ಕೂರತ್ತೆ. ಬಿಚ್ಬೇಕು ಅಂದ್ರೆ ಬಿಲ್ಲೆನ ಹೆಬ್ಬೆರಳಲ್ಲಿ ಕೆಳಗೆ ಒತ್ತಿ ಹಿಡಿದು ಆಮೇಲೆ ಜಾರಿಸ್ಬೇಕು, ಎರಡೂ ಒಟ್ಟಿಗೆ ಆಗ್ಬೇಕು, ಅದಕ್ಕೇ ಗಿಡಗಂಟಿ ತಾಗಿ ತಾನಾಗೇ ಬಿಚ್ಕೊಳ್ಳೋ ಭಯ ಇಲ್ಲ. ಕಂಪನಿ ಹೇಳೋದು ಒಂದೊಂದು ಆಂಕರ್ 90 ಕೆಜಿ ತಡೆಯತ್ತೆ ಅಂತ. ಇಷ್ಟು ಸಣ್ಣ ದಾರನಾ ಅಂತ ಮೊದಲು ಎಲ್ರಿಗೂ ಅನುಮಾನ ಬರತ್ತೆ. ಆದ್ರೆ ತೂಕದಿಂದ ದಾರ ಕಿತ್ತು ಹೋಗೋ ಪ್ರಶ್ನೆ ಇಲ್ಲಿ ಇಲ್ಲ, ತೊಂದರೆ ಬರೋದು ಸವೆತದಿಂದ. ಲೋಹದ ಅಂಚಿಗೆ ದಾರ ದಿನಾ ಉಜ್ಜತ್ತೆ, ನಿಧಾನಕ್ಕೆ ಮೇಲಿನ ಕಪ್ಪು ಪದರ ಸವೆದು ಒಳಗಿನ ಬಣ್ಣದ ಎಳೆ ಕಾಣೋಕೆ ಶುರು ಆಗತ್ತೆ. ಈಗಿನ ಆಂಕರ್‌ಗಳಲ್ಲಿ ಅದನ್ನ ಬೇಕಂತಲೇ ಹಾಗೆ ಮಾಡಿದಾರೆ, ಕಪ್ಪಿನ ಒಳಗೆ ಬಣ್ಣ ಕಂಡ್ರೆ ಬದಲಾಯಿಸೋ ಟೈಮ್ ಬಂತು ಅಂತ ಅರ್ಥ. ನಾನು ಹೊರಡೋ ಹಿಂದಿನ ರಾತ್ರಿ ಬ್ಯಾಟರಿ ಚಾರ್ಜ್‌ಗೆ ಹಾಕೋವಾಗ ಕುಣಿಕೆನ ಬೆರಳಲ್ಲಿ ಸುತ್ತ ತಿರುಗಿಸಿ ಟಾರ್ಚ್ ಬೆಳಕಲ್ಲಿ ನೋಡ್ತೀನಿ, ಜಾಸ್ತಿ ಸವೆಯೋದು ಪ್ಲೇಟ್ ತೂತಿನ ಒಳ ಅಂಚಿಗೆ ತಾಗೋ ಜಾಗದಲ್ಲೇ, ಮೇಲಿಂದ ನೋಡಿದ್ರೆ ಕಾಣಲ್ಲ.

ಆನ್‌ಲೈನಲ್ಲಿ ಇದೇ ಥರ ಕಾಣೋ ಡೂಪ್ಲಿಕೇಟ್ ಆಂಕರ್‌ಗಳು ತುಂಬಾ ಕಮ್ಮಿ ರೇಟಿಗೆ ಸಿಗತ್ತೆ. ದಯವಿಟ್ಟು ಬೇಡ. ಉಳಿಸೋದು ಮುನ್ನೂರು ನಾನೂರು ರೂಪಾಯಿ, ನೇತಾಡೋದು ಲಕ್ಷದ್ದು.

ಈಗ ನಿಜವಾದ ವಿಷಯಕ್ಕೆ ಬರ್ತೀನಿ. ಸ್ಟ್ರಾಪ್ ಎಷ್ಟೇ ಒಳ್ಳೇದಿದ್ರೂ ಅದನ್ನ ಬಾಡಿಯ ಎರಡು ಕಿವಿಗೆ (ಸ್ಟ್ರಾಪ್ ಹಾಕೋಕೆ ಪಕ್ಕದಲ್ಲಿರೋ ಕೊಂಡಿ) ಕಟ್ಟಿದ್ರೆ ದೊಡ್ಡ ಲೆನ್ಸ್‌ಗೆ ಪ್ರಯೋಜನ ಇಲ್ಲ. ಲೆಕ್ಕ ನೋಡಿ. ಬಾಡಿ ಹಿಡಿದು ನೇತು ಹಾಕಿದ್ರೆ ಲೆನ್ಸಿನ 2300 ಗ್ರಾಂ ಪೂರ್ತಿ ಮೌಂಟ್ ಮೇಲೆ, ಅಂದ್ರೆ ಲೆನ್ಸ್ ಬಾಡಿಗೆ ಕೂರೋ ಬಳೆ ಮೇಲೆ ಬೀಳತ್ತೆ, ಅದೂ ಉದ್ದ ಲೆನ್ಸ್ ಆದ್ರಿಂದ ಮೀಟುಗೋಲಿನ ಥರ ಎಳೀತಿರತ್ತೆ, ಮೆಟ್ಲು ಇಳಿಯೋವಾಗ ಒಂದೊಂದು ಹೆಜ್ಜೆಗೂ ಜಗ್ಗು. ಅದೇ ಲೆನ್ಸ್ ಕಾಲರ್‌ನ ಪಾದಕ್ಕೆ ಕಟ್ಟಿದ್ರೆ ಮೌಂಟ್ ಹೊರಬೇಕಾಗಿರೋದು ಬಾಡಿಯ 860 ಗ್ರಾಂ ಅಷ್ಟೇ. ತೂಕದ ನಡುಬಿಂದು ಪಾದದ ಹತ್ರಾನೇ ಇರೋದ್ರಿಂದ ಕ್ಯಾಮೆರಾ ಅಡ್ಡಡ್ಡ ಮಲಗಿದಂಗೆ ಸೊಂಟಕ್ಕೆ ಒರಗಿ ನಿಲ್ಲತ್ತೆ, ಮೂತಿ ಮುಂದೆ ಹೋಗಿ ಮರಕ್ಕೆ ಬಡಿಯಲ್ಲ. ತುಂಬಿದ ಕೊಡನ ಬರೀ ಕಂಠ ಹಿಡಿದು ತೂಗಾಡಿಸ್ಕೊಂಡು ಯಾರೂ ನಡೆಯಲ್ಲ, ಸೊಂಟಕ್ಕೆ ಇಟ್ಕೋತಾರೆ, ಇದೂ ಅಷ್ಟೇ.

ನಾನು ಮಾಡಿರೋದು ಹೀಗೆ: ಪೀಕ್ ಡಿಸೈನ್‌ದೇ ಕ್ಯಾಪ್ಚರ್ ಕ್ಲಿಪ್ (ಬ್ಯಾಗ್ ಪಟ್ಟಿಗೆ ಕ್ಯಾಮೆರಾ ಸಿಕ್ಕಿಸೋ ಕ್ಲಿಪ್) ಜೊತೆ ಬರೋ ಚೌಕ ಪ್ಲೇಟ್‌ನ ಲೆನ್ಸ್ ಪಾದಕ್ಕೆ ಆಲನ್ ಕೀ ಹಾಕಿ ಬಿಗಿ ಮಾಡಿ, ಅದರ ಮೂಲೆಗಳಲ್ಲಿ ಇರೋ ತೂತಿಗೆ ಎರಡು ಆಂಕರ್ ಹಾಕಿದೀನಿ, ಎದುರುಬದುರು ಮೂಲೆಗೆ. ಸ್ಟ್ರಾಪಿನ ಎರಡೂ ತುದಿ ಅಲ್ಲಿಗೇ. ಸ್ಲೈಡ್ ಡಬ್ಬದಲ್ಲೂ ಟ್ರೈಪಾಡ್ ತೂತಿಗೆ ಹಾಕೋ ಒಂದು ಸಣ್ಣ ಆಂಕರ್ ಮೌಂಟ್ ಬರತ್ತೆ, ಒಂದು ತುದಿ ಅದಕ್ಕೆ ಹಾಕಿ ಇನ್ನೊಂದು ತುದಿ ಬಾಡಿಯ ಕಿವಿಗೆ ಹಾಕೋರೂ ಇದಾರೆ, ಅದೂ ನಡೆಯತ್ತೆ, ಆದ್ರೆ ನನಗೆ ಪೂರ್ತಿ ಭಾರ ಲೆನ್ಸ್ ಕಡೆಗೇ ಬಂದ್ರೆ ಸಮಾಧಾನ.

ಇಷ್ಟಾದ್ರೂ ಒಂದು ಕೊರತೆ ಉಳಿಯತ್ತೆ, ಇದನ್ನ ಬಹಳ ಜನ ಗಮನಿಸಲ್ಲ. ಆಂಕರ್ ಎರಡಿದ್ರೂ ಅವೆರಡೂ ನಿಂತಿರೋದು ಪ್ಲೇಟಿನ ಕೆಳಗಿನ ಒಂದೇ ಒಂದು ಕಾಲಿಂಚಿನ ಸ್ಕ್ರೂ ಮೇಲೆ. ಅದು ಸಡಿಲ ಆದ್ರೆ ಎಲ್ಲಾ ಹೋಯ್ತು. ಅದಕ್ಕೆ ಡಬ್ಬದಲ್ಲಿ ಬರೋ ನಾಲ್ಕು ಆಂಕರ್‌ನಲ್ಲಿ ಮೂರನೇದನ್ನ ಬಾಡಿಯ ಕಿವಿಗೆ ಹಾಕಿ ಅಲ್ಲಿಂದ ಸ್ಟ್ರಾಪ್ ತುದಿಗೆ ಒಂದು ಗಟ್ಟಿ ದಾರ ಸ್ವಲ್ಪ ಸಡಿಲವಾಗಿ ಕಟ್ಟಿದೀನಿ. ಮಾಮೂಲಿ ಹೊತ್ತಲ್ಲಿ ಅದರ ಮೇಲೆ ಭಾರಾನೇ ಇಲ್ಲ. ಸ್ಕ್ರೂ ಕೈಕೊಟ್ಟ ದಿನ ಕ್ಯಾಮೆರಾ ಕಲ್ಲಿಗೆ ಬೀಳೋ ಬದಲು ಆ ದಾರದಲ್ಲಿ ನೇತಾಡತ್ತೆ. ಮೌಂಟ್‌ಗೆ ಜರ್ಕ್ ಬೀಳತ್ತೆ ನಿಜ, ಆದ್ರೂ ನೆಲಕ್ಕೆ ಬೀಳೋದಕ್ಕಿಂತ ಎಷ್ಟೋ ವಾಸಿ.

ಇದು ಬರೀ ಊಹೆ ಅಲ್ಲ. ನಮ್ಮ ಗುಂಪಲ್ಲೇ ಒಬ್ರು ಬೇರೆ ಒಂದು ಸ್ಲಿಂಗ್ (ಮೈಗೆ ಅಡ್ಡ ಹಾಕೋ ಸ್ಟ್ರಾಪ್) ಬಳಸ್ತಿದ್ರು, ಒಂದೇ ಸ್ಕ್ರೂ ಒಂದೇ ಕೊಕ್ಕೆ ಇರೋ ಥರದ್ದು. ನಡೀತಾ ನಡೀತಾ ಕ್ಯಾಮೆರಾ ತೂಗಾಡಿ ತೂಗಾಡಿ ಸ್ಕ್ರೂ ಕೂದಲೆಳೆಯಷ್ಟು ತಿರುಗ್ತಾನೇ ಹೋಗಿದೆ, ಟೀ ಕುಡಿಯೋಕೆ ಕೂತಾಗ ನೋಡಿದ್ರೆ ಒಂದೂವರೆ ಸುತ್ತು ಹೊರಗೆ ಬಂದಿತ್ತು, ಬೆರಳಲ್ಲೇ ತಿರುಗ್ತಿತ್ತು. ಅವತ್ತು ಉಳ್ಕೊಂಡಿದ್ದು ಅದೃಷ್ಟ. ಒಂಟಿ ಸ್ಕ್ರೂ ಸ್ಲಿಂಗ್ ಬಳಸೋರು ರಬ್ಬರ್ ವಾಷರ್ ಹಾಕಿ, ಜೊತೆಗೆ ಸೇಫ್ಟಿ ಟೆದರ್ (ಬೀಳದಂಗೆ ಹಿಡಿಯೋ ದಾರ) ಕಟ್ಟಿ, ಗಂಟೆಗೊಂದ್ಸಲ ಬೆರಳಿಟ್ಟು ನೋಡಿ. ಪ್ಲೇಟ್‌ನ ಪದೇ ಪದೇ ಬಿಚ್ಚಲ್ಲ ಅನ್ನೋರು ಸ್ಕ್ರೂ ಸಡಿಲ ಆಗದಂಗೆ ಹಿಡಿಯೋ ಅಂಟು, ನೀಲಿ ಲಾಕ್‌ಟೈಟ್ 243, ಒಂದು ಹನಿ ಹಾಕ್ಬಹುದು, ಅದು ಬೇಕಾದಾಗ ಆಲನ್ ಕೀಲಿ ಬಿಚ್ಚೋಕಾಗತ್ತೆ. ಕೆಂಪು ಮಾತ್ರ ಬೇಡವೇ ಬೇಡ, ಅದು ಕೂತ್ರೆ ಸುಲಭಕ್ಕೆ ಬರಲ್ಲ. ಪ್ಲಾಸ್ಟಿಕ್ ಭಾಗಕ್ಕೆ ತಾಗದಂಗೆ ನೋಡ್ಕೊಳ್ಳಿ, ಕೆಲವು ಪ್ಲಾಸ್ಟಿಕ್ ಅದರಿಂದ ಬಿರುಕು ಬಿಡತ್ತೆ.

ಲೆನ್ಸ್ ಕಾಲರ್‌ನ ಬಿಗಿ ಮಾಡೋ ತಿರುಗುಗುಂಡಿ ಇನ್ನೊಂದು. ಪೋರ್ಟ್ರೇಟ್‌ಗೆ ತಿರುಗಿಸೋಕೆ ಅಂತ ಸಡಿಲ ಮಾಡಿ ಹಂಗೇ ಮರೆತು ಹೆಗಲಿಗೆ ಹಾಕ್ಕೊಳ್ಳೋದು ತುಂಬಾ ಕಾಮನ್, ಕಾಲರ್ ಪೂರ್ತಿ ಬಿಚ್ಚಿ ತೆಗೆಯೋ ಥರ ಇರೋ ಲೆನ್ಸ್‌ಗಳಲ್ಲಿ ಇದು ಅಪಾಯ. ಹೆಗಲಿಗೆ ಹಾಕೋ ಮುಂಚೆ ಗುಂಡಿ ಒಂದ್ಸಲ ಬಿಗಿ ಮಾಡೋದು ಕೈಗೆ ಅಭ್ಯಾಸ ಆಗ್ಬಿಡ್ಬೇಕು. ಹಾಗೇ ಜೂಮ್ ಲಾಕ್, 200-500ನ 200ರಲ್ಲಿ ಲಾಕ್ ಮಾಡಿ ನಡೀರಿ, ಇಲ್ದಿದ್ರೆ ಮೂತಿ ತಾನಾಗೇ ಕೆಳಗೆ ಜಾರಿ ಉದ್ದ ಆಗತ್ತೆ, ಬ್ಯಾಲೆನ್ಸ್ ತಪ್ಪತ್ತೆ, ಬಗ್ಗಿದಾಗ ಹುಡ್ ಹೋಗಿ ನೆಲಕ್ಕೆ ಕುಟ್ಟತ್ತೆ.

ಫೀಲ್ಡಲ್ಲಿ ಹೇಗೆ ಅಂದ್ರೆ, ಹೆಸರಘಟ್ಟದ ಹುಲ್ಲುಗಾವಲಂಥ ಬಯಲಲ್ಲಿ ನಡೆಯೋಕೆ ಇದರಷ್ಟು ಹಿತ ಯಾವುದೂ ಇಲ್ಲ. ಎಡ ಹೆಗಲಿಂದ ಬಲ ಸೊಂಟಕ್ಕೆ ಅಡ್ಡ, ಬಲಗೈ ಸುಮ್ನೆ ಲೆನ್ಸ್ ಪಾದದ ಮೇಲೆ. ಬ್ಯಾಕ್‌ಪ್ಯಾಕ್ ಇದ್ರೆ ಮೊದಲು ಬ್ಯಾಗ್ ಹಾಕ್ಕೊಂಡು ಆಮೇಲೆ ಮೇಲಿಂದ ಸ್ಟ್ರಾಪ್ ಹಾಕ್ಕೊಳ್ಳಿ, ಆಗ ಕ್ಯಾಮೆರಾ ಯಾವಾಗ ಬೇಕಾದ್ರೂ ಬರತ್ತೆ. ರಂಗನತಿಟ್ಟಿನ ದೋಣಿಯಲ್ಲಿ ಜನ ಬಣ್ಣದ ಕೊಕ್ಕರೆ ಗೂಡು ಬಂತು ಅಂತ ಒಟ್ಟಿಗೆ ಒಂದೇ ಕಡೆ ವಾಲ್ತಾರೆ, ದೋಣಿಯೂ ವಾಲತ್ತೆ, ಅಲ್ಲಿ ಸ್ಟ್ರಾಪ್ ಮೈಮೇಲೆ ಅಡ್ಡ ಇರ್ಲೇಬೇಕು, ಗಿಡ್ಡ ಮಾಡ್ಕೊಂಡು. ಲೆನ್ಸ್‌ನ ದೋಣಿ ಅಂಚಿನ ಮೇಲೆ ಇಟ್ಟು ಕೈಬಿಡೋದು ಬೇಡ, ಕೆಳಗೆ ಕಾವೇರಿ ಇದೆ ಮೊಸಳೆನೂ ಇದೆ. ಕಬಿನಿ ಜೀಪಲ್ಲಿ ಬೀನ್‌ಬ್ಯಾಗ್ ಮೇಲೆ ಲೆನ್ಸ್ ಇಟ್ಕೊಂಡು ಕೂತಾಗ್ಲೂ ಅಷ್ಟೇ, ಹುಲಿ ಚಿರತೆ ಕಂಡು ಜಿಂಕೆ ಕೋತಿ ಕೂಗೋ ಅಲಾರ್ಮ್ ಕಾಲ್ ಬಂತು ಅಂದ್ರೆ ಡ್ರೈವರಣ್ಣ ಗಾಡಿ ಹೊಡೆಯೋ ಸ್ಪೀಡಿಗೆ ಬೀನ್‌ಬ್ಯಾಗ್ ಮೇಲಿದ್ದದ್ದು ಮಡಿಲಿಗೆ ಬರತ್ತೆ, ಸ್ಟ್ರಾಪ್‌ನ ಸೀಟ್ ಕಂಬಿಗೆ ಸಿಗಾಕ್ಕೊಳ್ಳದಂಗೆ ನೋಡ್ಕೊಂಡು ಮೈಮೇಲೇ ಇಟ್ಕೊಳ್ಳಿ. ಗಣೇಶಗುಡಿಯ ಓಲ್ಡ್ ಮ್ಯಾಗಜೀನ್ ಹೌಸ್‌ನಂಥ ಕಡೆ ಹಕ್ಕಿ ಸ್ನಾನದ ತೊಟ್ಟಿ ಮುಂದೆ ಗಂಟೆಗಟ್ಲೆ ಕೂರೋಕೆ ಮಾತ್ರ ಸ್ಟ್ರಾಪ್ ಬಿಚ್ಚಿ ಪಕ್ಕಕ್ಕಿಡೋದೇ ಸುಖ, ಟಕ್ ಟಕ್ ಅಂತ ಎರಡು ಸೆಕೆಂಡ್ ಕೆಲಸ.

ಇದು ಎಲ್ಲಿ ಬೇಡ ಅಂತಲೂ ಹೇಳ್ತೀನಿ. ಬೈಕಲ್ಲಿ ಹೋಗೋವಾಗ ಯಾವ ಸ್ಟ್ರಾಪೂ ಬೇಡ, ಬ್ಯಾಗಲ್ಲೇ ಇರ್ಲಿ. ಈ ಲೆನ್ಸ್ ಸುಮಾರು 27 ಸೆಂಮೀ, ಬಾಡಿ ಸೇರಿದ್ರೆ 34 ಹತ್ರ, ಒಳಗಡೆ 40 ಸೆಂಮೀ ಉದ್ದ ಇರೋ ಬ್ಯಾಗಲ್ಲಿ ಬಿಚ್ಚದೇ ಕೂರತ್ತೆ. ಕೈಯೂರಿ ಹತ್ತೋ ಬೆಟ್ಟಕ್ಕೂ ಸ್ಲಿಂಗ್ ಸರಿ ಅಲ್ಲ, ಬಗ್ಗಿದಾಗ ಮುಂದಕ್ಕೆ ತೂಗತ್ತೆ. ಅಂಥ ಕಡೆಗೆ ಕಾಟನ್ ಕ್ಯಾರಿಯರ್ ಥರ ಎದೆಗೆ ಕಟ್ಟೋ ಹಾರ್ನೆಸ್ ಒಳ್ಳೇದು, ಕ್ಯಾಮೆರಾನ ಅಡ್ಡ ತಿರುಗಿಸಿ ಹಾರ್ನೆಸ್‌ನ ಗೂಡಿಗೆ ಇಳಿಸಿ ನೇರ ಬಿಟ್ರೆ ಲಾಕ್ ಆಗತ್ತೆ, ಭಾರ ಎರಡೂ ಹೆಗಲಿಗೆ ಹಂಚತ್ತೆ, ಎರಡೂ ಕೈ ಖಾಲಿ. ಆದ್ರೆ ಎದೆಗೆ ಕಟ್ಟೋದು ಯಾವುದಾದ್ರೂ ಏಪ್ರಿಲ್ ಮೇ ಸೆಕೆಗೆ ಕಷ್ಟ, ಉದ್ದ ಲೆನ್ಸ್ ಆದ್ರೆ ಹತ್ತೋವಾಗ ತೊಡೆಗೆ ತಾಗತ್ತೆ. ಬ್ಯಾಗ್ ಪಟ್ಟಿಗೆ ಸಿಕ್ಕಿಸೋ ಕ್ಯಾಪ್ಚರ್ ಕ್ಲಿಪ್‌ನ ನಾನು ಸಣ್ಣ ಲೆನ್ಸ್‌ಗೆ ಮಾತ್ರ ಬಳಸ್ತೀನಿ, 3 ಕೆಜಿ ಒಂದೇ ಹೆಗಲ ಪಟ್ಟಿಲಿ ಜೋತು ಬಿದ್ರೆ ಬ್ಯಾಗೇ ಒಂದು ಕಡೆ ಎಳೀತಿರತ್ತೆ.

ಗಿಂಬಲ್ (ದೊಡ್ಡ ಲೆನ್ಸ್‌ನ ತೂಗಿ ಹಿಡಿಯೋ ಟ್ರೈಪಾಡ್ ತಲೆ) ಬಳಸೋರಿಗೆ ಒಂದು ಮಾತು. ಆ ಚೌಕ ಪ್ಲೇಟ್ ಆರ್ಕಾ ಕ್ಲಾಂಪ್‌ಗೆ (ಟ್ರೈಪಾಡ್ ತಲೆ ಮೇಲೆ ಪ್ಲೇಟ್‌ನ ಕಚ್ಚಿ ಹಿಡಿಯೋ ಭಾಗ) ಕೂರತ್ತೆ, ಆದ್ರೆ ಚಿಕ್ಕದು, ಹಿಂದೆ ಮುಂದೆ ಜಾರಿಸಿ ಬ್ಯಾಲೆನ್ಸ್ ಮಾಡೋಕೆ ಜಾಗ ಸಿಗಲ್ಲ. ನಿಮಗೆ ಉದ್ದ ಪ್ಲೇಟ್ ಬೇಕು, ತುದಿಯಲ್ಲಿ ಕುಣಿಕೆ ತೂರೋಷ್ಟು ತೂತು ಇರೋದನ್ನೇ ಹುಡುಕಿ, ಎರಡೂ ಕಡೆ ಸ್ಟಾಪ್ ಸ್ಕ್ರೂ ಇರೋದಾದ್ರೆ ಇನ್ನೂ ಒಳ್ಳೇದು, ಕ್ಲಾಂಪ್ ಸಡಿಲ ಆದ್ರೂ ಜಾರಿ ಆಚೆ ಬರಲ್ಲ.

ಸ್ಟ್ರಾಪ್‌ಗೆ ಇಷ್ಟು ದುಡ್ಡಾ ಅಂತ ಅನ್ಸೋ ರೇಟೇ ಇದು, ಸುಳ್ಳು ಹೇಳಲ್ಲ. ಕ್ಯಾನನ್ ಆರ್‌ಎಫ್ 100-500 ಥರ ಕಾಲರ್ ಬಿಟ್ಟು 1.4 ಕೆಜಿ ಒಳಗಿನ ಲೆನ್ಸ್ ಇರೋರು ಸ್ಲೈಡ್ ಲೈಟ್ ತಗೊಂಡ್ರೂ ಸಾಕು. ಹಳೇ ಸ್ಟ್ರಾಪೇ ಬಳಸ್ತೀನಿ ಅನ್ನೋರು ಆಂಕರ್ (ಅದು ಕೂರೋ ಗೂಡಿನ ಸಮೇತ) ಮತ್ತೆ ಪ್ಲೇಟ್ ಆದ್ರೂ ತಗೊಂಡು ಕಟ್ಟೋ ಜಾಗನ ಲೆನ್ಸ್ ಪಾದಕ್ಕೆ ಬದಲಾಯಿಸಿ, ಪಟ್ಟಿ ಅಗಲ ಆಮೇಲೆ ನೋಡ್ಕೋಬಹುದು. 2 ಕೆಜಿ ಮೇಲಿನ ಲೆನ್ಸ್ ಹೊತ್ಕೊಂಡು ವಾರವಾರ ನಡೆಯೋರಾದ್ರೆ ಅಗಲದ ಸ್ಲೈಡ್, ಅದಕ್ಕೊಂದು ಪ್ಲೇಟ್, ಒಂದು ಆಲನ್ ಕೀ, ಎರಡು ಸ್ಪೇರ್ ಆಂಕರ್, ಇಷ್ಟು ಒಟ್ಟಿಗೇ ತಗೊಂಡು ಬಿಡಿ, ಆಲನ್ ಕೀ ಮಾತ್ರ ಮನೇಲಿ ಬಿಡದೆ ಬ್ಯಾಗಲ್ಲೇ ಇಟ್ಕೊಳ್ಳಿ.