ಫ್ರೆಂಚ್ ಕಲಿಯಲು ವ್ಯಾಕರಣದ ಪುಸ್ತಕವೋ, ಕ್ಲೋದ್ ಮೊನೆಯ ಚಿತ್ರವೋ?

ಚಿಕ್ಕಮಗಳೂರಿನಲ್ಲಿದ್ದುಕೊಂಡೇ ಫ್ರೆಂಚ್ ಕಲಿಯಬೇಕೆನ್ನುವವರಿಗೆ ಈ ಎರಡೂ ದಾರಿಗಳಿವೆ. ಎರಡರಲ್ಲೂ ನಾನು ನಡೆದಿದ್ದೇನೆ.

ಪುಸ್ತಕದ ದಾರಿ ನೇರ: ಕ್ರಿಯಾಪದದ ರೂಪಗಳು, ಲಿಂಗ, ಅಭ್ಯಾಸ. ಫ್ರೆಂಚ್ ಭಾಷೆಯ ಮಟ್ಟ ಅಳೆಯುವ ಡೆಲ್ಫ್ ಪರೀಕ್ಷೆ ಹತ್ತಿರವಿದ್ದರೆ ಇದನ್ನೇ ಹಿಡಿಯಿರಿ.

ಇನ್ನೊಂದು, ಆ ಕ್ಷಣಕ್ಕೆ ಕಂಡ ಬೆಳಕು, ಬಣ್ಣಗಳನ್ನು ಹಿಡಿಯುವ ಇಂಪ್ರೆಷನಿಸ್ಟ್ ಚಿತ್ರಗಳನ್ನು ಮುಂದಿಟ್ಟುಕೊಂಡು ಮಾತಿಗೆ ಕೂರುವುದು. ಫ್ರೆಂಚ್ ಕಲಾವಿದ ಕ್ಲೋದ್ ಮೊನೆ ಬರೆದ ‘ಆಂಪ್ರೆಸ್ಯೋಂ, ಸೊಲೈ ಲವಾಂ’ (ಅನಿಸಿಕೆ, ಸೂರ್ಯೋದಯ) ಚಿತ್ರವನ್ನೇ ನೋಡಿ. 1874ರ ಪ್ಯಾರಿಸ್ ಪ್ರದರ್ಶನದಲ್ಲಿ ಅದನ್ನು ಕಂಡ ವಿಮರ್ಶಕ ಲೂಯಿ ಲೆರುವಾ ಶೀರ್ಷಿಕೆಯನ್ನೇ ಹಿಡಿದು ಗೇಲಿ ಮಾಡಿದ. ಇಡೀ ಚಳವಳಿಗೆ ಇಂಪ್ರೆಷನಿಸಂ ಎಂಬ ಹೆಸರೇ ನಿಂತಿತು. ಚಿತ್ರದಲ್ಲಿರುವುದು ಫ್ರಾನ್ಸಿನ ಲ ಆವ್ರ್ ಬಂದರು, ಕಿತ್ತಳೆ ಬಣ್ಣದ ಸೂರ್ಯ, ಪುಟ್ಟ ದೋಣಿಗಳು, ಮಂಜು. ತೆಳು ಮಂಜಿಗೆ ‘ಬ್ರೂಮ್’, ದಟ್ಟ ಮಂಜಿಗೆ ‘ಬ್ರೂಯಾರ್’. ಪದಪಟ್ಟಿಯಲ್ಲಿ ಎಷ್ಟೋ ಸಲ ಓದಿ ಮರೆತಿದ್ದೆ. ಕಿಟಕಿಯಾಚೆ ಮುಳ್ಳಯ್ಯನಗಿರಿಯ ಕಡೆ ಕೈತೋರಿಸಿ, ಈಗ ಕಾಣುವುದು ಯಾವುದು ಎಂದು ಗೆಳತಿಯೊಡನೆ ವಾದಿಸಿದ ಸಂಜೆಯಿಂದ ಆ ಎರಡು ಪದಗಳು ನನ್ನವೇ ಆಗಿಬಿಟ್ಟವು. ‘ಓ ಪ್ರಮಿಯೆ ಪ್ಲಾಂ’, ಅಂದರೆ ಮುನ್ನೆಲೆಯಲ್ಲಿ, ಎನ್ನುವುದೂ ಹಾಗೆಯೇ ಬಾಯಿಗೆ ಬಂತು.

ಕೊರತೆಯೂ ಇದೆ. ಮಾತಿನ ಭರದಲ್ಲಿ ಲಿಂಗದ ತಪ್ಪುಗಳು ನುಸುಳುತ್ತವೆ. ಬಾಡಿಗೆ, ಟಿಕೆಟ್, ಔಷಧಿಯ ಮಾತುಗಳು ಬರುವುದೇ ಇಲ್ಲ.

ಹೋಂಸ್ಟೇ ನಡೆಸುತ್ತಾ ಅತಿಥಿಗಳಿಗೆ ತೋಟ, ಬೆಟ್ಟ ತೋರಿಸುವವರಿಗೆ ಚಿತ್ರದ ದಾರಿಯೇ ಸರಿ ಎಂಬುದು ನನ್ನ ದೃಢ ಅಭಿಪ್ರಾಯ. ಕಂಡದ್ದನ್ನು ವರ್ಣಿಸುವುದೇ ಅವರ ಕೆಲಸ. ಆದರೂ ಮೊದಲ ಎರಡು ತಿಂಗಳು ಪುಸ್ತಕ ಬಿಡಬೇಡಿ. ಆಮೇಲೆ ವಾರಕ್ಕೊಂದು ಚಿತ್ರ, ಜೊತೆಗೆ ಒಬ್ಬರಿದ್ದರೆ ಸಾಕು. ಇದೇ ಚಳವಳಿಯ ರೆನ್ವಾರ್‌ನ ಜನಜಂಗುಳಿಯ ಚಿತ್ರಗಳನ್ನು ತಡವಾಗಿ ತೆಗೆಯಿರಿ, ಅಲ್ಲಿ ಉಡುಪು, ಟೋಪಿಗಳಿಗೇ ಹತ್ತಾರು ಪದ ಬೇಕಾಗುತ್ತವೆ.