ಬಿಸಿ ಉಕ್ಕಿನ ಪರೀಕ್ಷೆಗೆ ಯಾವ ಪ್ರೋಬ್? ನಾನು ಎಮ್ಯಾಟ್ ವಾಪಸ್ ಕಳಿಸಿದೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹಳೇ ಡಿಲೇ ಲೈನ್ ಪ್ರೋಬ್‌ಗೆ, ಅಂದರೆ ಸೆನ್ಸರ್‌ಗೂ ಬಿಸಿ ಉಕ್ಕಿಗೂ ನಡುವೆ ಶಾಖ ತಡೆಯುವ ತುಂಡು ಇರುವ ಪ್ರೋಬ್‌ಗೆ. ನಮ್ಮದು ಬೆಳಗಾವಿ ಕಡೆಯ ಸಣ್ಣ ಫೋರ್ಜಿಂಗ್ ಶಾಪ್. ಉಕ್ಕಿನ ಬಾರ್ ಪೂರ್ತಿ ತಣ್ಣಗಾಗಿ, ಮಾರನೇ ದಿನ ನಡುವೆ ಬಿರುಕಿದೆ ಅಂತ ಗೊತ್ತಾಗುವಷ್ಟರಲ್ಲಿ ಒಂದು ಶಿಫ್ಟಿನ ಮಾಲೇ ಹಾಳಾಗಿರುತ್ತದೆ. ಅದಕ್ಕೇ 350 ಡಿಗ್ರಿ ಆಸುಪಾಸಿನಲ್ಲೇ ಅಲ್ಟ್ರಾಸೋನಿಕ್ ಹಾಕೋಣ, ಒಳಗೆ ಶಬ್ದ ಕಳಿಸಿ ಎಕೋ ನೋಡಿ ಬಿರುಕು ಹಿಡಿಯೋಣ ಅಂತ ಹೊರಟೆ.

ಒಂದು ತಿಂಗಳಿಗೆ ಎಮ್ಯಾಟ್ (EMAT, ವಿದ್ಯುತ್ಕಾಂತೀಯ ಪ್ರೋಬ್) ಬಾಡಿಗೆಗೆ ತಂದೆ. ಒಂದು ಕಾಯಿಲ್, ಒಂದು ಅಯಸ್ಕಾಂತ, ಅಷ್ಟೇ. ಶಬ್ದ ಉಕ್ಕಿನೊಳಗೇ ಹುಟ್ಟುತ್ತದೆ. ಶಬ್ದ ದಾಟಿಸಲು ನಡುವೆ ಹಚ್ಚುವ ಪೇಸ್ಟ್ ಬೇಡ, ನೀರು ಬೇಡ, ಬಿಸಿ ಉಕ್ಕಿನ ಮೇಲೆ ಕಟ್ಟುವ ಕಿಟ್ಟದ ಪದರ, ಅಂದರೆ ಸ್ಕೇಲ್, ಉಜ್ಜುವುದೂ ಬೇಡ. ಮೊದಲ ದಿನ ಖುಷಿಯೋ ಖುಷಿ.

ಎರಡನೇ ದಿನ ಎಕೋ ಸಣ್ಣಗಾಗತೊಡಗಿತು. ಕೇಬಲ್ ನೋಡಿದೆ, ಸೆಟ್ಟಿಂಗ್ ನೋಡಿದೆ. ಕೊನೆಗೆ ಪ್ರೋಬ್ ತಿರುಗಿಸಿದರೆ ಮುಖದ ತುಂಬ ಗಡ್ಡ! ಬಾರಿನಿಂದ ಉದುರಿದ ಸ್ಕೇಲ್ ಚೂರುಗಳು ಅಯಸ್ಕಾಂತಕ್ಕೆ ಅಂಟಿದ್ದವು. ಎಮ್ಯಾಟ್‌ಗೂ ಉಕ್ಕಿಗೂ ನಡುವೆ ಒಂದು ಮಿಲಿಮೀಟರ್ ಜಾಗ ಬಂದರೂ ಸಿಗ್ನಲ್ ಬಿದ್ದುಹೋಗುತ್ತದೆ. ಬಟ್ಟೆಯಲ್ಲಿ ಒರೆಸಿದರೆ ಚೂರು ಅತ್ತ ಸರಿಯುತ್ತದೆ, ಹೋಗುವುದಿಲ್ಲ. ಗಾಳಿ ಊದಿದರೂ ಅಷ್ಟೇ. ಮಗಳ ಆಟದ ಕ್ಲೇ ತಂದು ಒತ್ತಿ ತೆಗೆದೆ, ಅದೊಂದೇ ಕೆಲಸ ಮಾಡಿದ್ದು. ಆದರೆ ಪ್ರತಿ ನಾಲ್ಕು ಬಾರ್‌ಗಳಿಗೊಮ್ಮೆ ಕ್ಲೇ ಹಿಡಿದು ಕೂರುವುದಕ್ಕೆ ಆಗುತ್ತಾ?

ಇನ್ನೊಂದು ಕಾಟ, ಎಳೆತ. 770 ಡಿಗ್ರಿ ದಾಟಿದ ಉಕ್ಕು ಅಯಸ್ಕಾಂತಕ್ಕೆ ಅಂಟುವುದಿಲ್ಲ. ನಮ್ಮ 350ರ ಬಾರು ಟಪ್ ಅಂತ ಕಚ್ಚಿಕೊಳ್ಳುತ್ತಿತ್ತು. ದಪ್ಪ ಗ್ಲೌಸ್ ಹಾಕಿಕೊಂಡು ಬಿಸಿ ಬಾರಿನಿಂದ ಅದನ್ನು ಕೀಳುವುದು ನನ್ನ ವಯಸ್ಸಿಗೆ ಹೇಳಿಸಿದ ಕಸರತ್ತಲ್ಲ.

ಮೂರನೇ ದಾರಿ ಲೇಸರ್ ಅಲ್ಟ್ರಾಸೋನಿಕ್, ಲೇಸರ್ ಬೆಳಕಿನಿಂದಲೇ ಶಬ್ದ ಹುಟ್ಟಿಸುವುದು; ಅದು ನಾನು ಮುಟ್ಟಿ ನೋಡಿದ್ದಲ್ಲ. ಅಮೆರಿಕದ ಓಹಾಯೊದಲ್ಲಿ ಟಿಮ್ಕೆನ್ ಕಂಪನಿಯವರು ಕೆಂಪಗೆ ಕಾದ ಕೊಳವೆಯ ಗೋಡೆ ದಪ್ಪ ಅಳೆಯಲು ದೂರದಿಂದಲೇ ಅದನ್ನು ಬಳಸಿದ್ದರು. ನಮ್ಮ ಶಾಪ್ ಮಾರಿದರೂ ಅದು ಬರಲಿಕ್ಕಿಲ್ಲ, ಬಿಡಿ.

ಹಾಗಂತ ಡಿಲೇ ಲೈನ್ ಸಾಧುವೇನಲ್ಲ. ಹೈ ಟೆಂಪರೇಚರ್ ಪೇಸ್ಟ್ ಹೊಗೆಯಾಡುತ್ತದೆ. ಸ್ಕೇಲ್ ಉಜ್ಜಲೇಬೇಕು. ಹತ್ತು ಸೆಕೆಂಡಿನೊಳಗೆ ರೀಡಿಂಗ್ ಹಿಡಿದು ಎತ್ತಬೇಕು, ಆಮೇಲೆ ಒಂದು ನಿಮಿಷ ತಣಿಸಬೇಕು. ಬಿಸಿಯಲ್ಲಿ ಶಬ್ದವೂ ನಿಧಾನವಾಗುತ್ತದೆ, ಸುಮಾರು 55 ಡಿಗ್ರಿಗೆ ಶೇಕಡಾ 1ರಷ್ಟು. 100 ಮಿಲಿಮೀಟರ್ ಬಾರನ್ನು 106 ಅಂತ ತೋರಿಸಿದಾಗ ಮೀಟರೇ ಕೆಟ್ಟಿದೆ ಅಂದುಕೊಂಡಿದ್ದೆ. ಈಗ ಅದೇ ಬಿಸಿಯ ತುಂಡಿನ ಮೇಲೆ ಕ್ಯಾಲಿಬ್ರೇಟ್ ಮಾಡಿಕೊಳ್ಳುತ್ತೇನೆ.

ಪ್ರತಿ ಬಾರನ್ನೂ ಲೈನಿನಲ್ಲೇ ನೋಡಬೇಕಾದ ದೊಡ್ಡ ಮಿಲ್ಲಿನವರು, ಸ್ಕೇಲ್ ಪ್ರೋಬ್‌ಗೆ ಅಂಟುವ ಮೊದಲೇ ಬಾರಿನಿಂದ ಊದಿ ತೆಗೆಯುವ ಏರ್ಪಾಡು ಇದ್ದರೆ, ಎಮ್ಯಾಟ್ ತಗೊಳ್ಳಲಿ. ನಾನು ನೋಡುವುದು ಶಿಫ್ಟಿಗೆ ಇಪ್ಪತ್ತು ಬಾರು. ಮುಂದಿನ ತಿಂಗಳ ಬಾಡಿಗೆ ಉಳಿಯಿತಲ್ಲ, ಆ ದುಡ್ಡಿಗೆ ಇನ್ನೊಂದು ಡಿಲೇ ಲೈನ್ ಪ್ರೋಬ್ ತರಿಸಿದೆ. ಒಂದು ಬಾರಿನ ಮೇಲಿದ್ದರೆ ಇನ್ನೊಂದು ನೀರಿನ ಮಗ್ಗಿನಲ್ಲಿರುತ್ತದೆ.